ಬಂತು ಎಂಬ ರಿಪೋರ್ಟು

ಮೋರ್ಸ್ ಎಂದರೆ ಚುಕ್ಕಿ-ಗೀಟುಗಳಲ್ಲಿ ಕಟಕಟ ಕುಟ್ಟುವ ತಂತಿ ಕಚೇರಿಯ ಅವಸರದ ಭಾಷೆ ಎಂದುಕೊಂಡವರು ನಮ್ಮ ಆಟ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನಮ್ಮದರಲ್ಲಿ ಒಂದು ಚುಕ್ಕಿಗೇ ಒಂದು ನಿಮಿಷ. ಒಂದಕ್ಷರ ಹೋಗಿ ಮುಟ್ಟುವುದರೊಳಗೆ ಚಹಾ ಕುದಿಸಿ, ಸೋಸಿ, ಕುಡಿದೂ ಆಗುತ್ತದೆ. ಇದನ್ನು ಕಿವಿಯಿಂದ ಕೇಳಲಾಗದು. ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಮೂಡಿದ್ದನ್ನು ಕಣ್ಣಿಂದ ಓದಬೇಕು. ಕೆಳಗೆ ಮೂಡಿದರೆ ಚುಕ್ಕಿ, ತುಸು ಮೇಲೆ ಮೂಡಿದರೆ ಗೀಟು. ಸಂಕೇತ ಎಷ್ಟೇ ಬಡಕಲಾಗಿರಲಿ, ಅಷ್ಟು ಹೊತ್ತು ಒಂದೇ ಕಡೆ ನಿಂತರೆ ಗದ್ದಲದೊಳಗಿಂದ ಎದ್ದು ಕಾಣುತ್ತದೆ ಎನ್ನುತ್ತಾರೆ. ನಾನೂ ನಂಬಿದ್ದೆ.

ಕಿವಿ ಬೇಡ ಎನ್ನುವ ಕಾರಣಕ್ಕೇ ನಾನು ಇದರ ಬೆನ್ನು ಹತ್ತಿದ್ದು. ನಾಗಣಸೂರಿನಲ್ಲಿ ಒಕ್ಕಲುತನ ಮಾಡುವ ನನ್ನ ಗೆಳೆಯ, ನಾನು, ಇಬ್ಬರೂ ಸೊಲ್ಲಾಪುರದ ನಮ್ಮ ಚಾದರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಹ್ಯಾಮ್ ಎಂಬ ಹವ್ಯಾಸಿ ರೇಡಿಯೊ ಪರೀಕ್ಷೆಗೆ ಓದಿದವರು. ಅವನ ಕಿವಿ ಎಂಥದೆಂದರೆ, ಹೆಸರು ಬರುವ ಮುಂಚೆಯೇ ಕುಟ್ಟುತ್ತಿರುವ ಕೈ ಯಾರದೆಂದು ಹೇಳಿಬಿಡುತ್ತಿದ್ದ. ನಮ್ಮ ರೇಡಿಯೊ ಮಂದಿ ಅರೆಬರೆ ಕೇಳಿಸಿದ್ದಕ್ಕೂ ಮರ್ಯಾದೆಗೆಂದು ‘ಚಲೋ ಬಂತು’ ಎಂದು ರಿಪೋರ್ಟು ಕೊಡುತ್ತಾರೆ. ಇವನು ಯಾರಿಗೂ ಕೊಟ್ಟವನಲ್ಲ. “ಬರಲಾರದ್ದಕ್ಕ ಬಂತು ಅಂದ್ರ ಅದೇನ್ ರಿಪೋರ್ಟೇನೋ? ಮದವಿ ಮನ್ಯಾಗ ಊಟ ಚಲೋ ಆತು ಅಂದಂಗಾತು” ಎಂದು ಬೈಯುತ್ತಿದ್ದ.

ಆ ಕಿವಿಯೇ ಹೋಯಿತು. ಕಿವಿಗೆ ಹಾಕುವ ಮಷೀನೂ ಕೆಲಸಕ್ಕೆ ಬರಲಿಲ್ಲ. ರೇಡಿಯೊವನ್ನು ನಮ್ಮ ಅಂಗಡಿಯದೇ ಚಾದರದಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟ. ಹಿತ್ತಲಲ್ಲಿ ಆಂಟೆನಾದ ಕಂಬವೊಂದೇ ಉಳಿಯಿತು. ಒಂದು ದಿನ ಹಾಳೆಯ ಮೇಲೆ ಬರೆದು ತೋರಿಸಿದೆ: ‘ಕಿವಿ ಹೋದ್ರ ಹೋಗ್ಲಿ, ಕಣ್ಣ ಅದಾವಲ್ಲ.’

ಅವನು ಹಾಳೆ ಮಡಚಿ ಕಿಸೆಗಿಟ್ಟುಕೊಂಡ. “ನೋಡೂಣು ಹಂಗಾರ” ಎಂದ.

ಸಂಕೇತ ಕಳಿಸುವುದಕ್ಕೂ ಹಿಡಿಯುವುದಕ್ಕೂ ಒಂದೇ ತರಹದ ಎರಡು ಪೆಟ್ಟಿಗೆ ಕಟ್ಟಿ, ಒಂದನ್ನು ಅವನಲ್ಲಿಟ್ಟು ಬಂದೆ. ನಮ್ಮ ರೇಡಿಯೊ ಹೆಸರಾದ ಕರೆಸಂಕೇತದ ಹಿಂದೆ ಇಂಗ್ಲಿಷಿನ ಎರಡಕ್ಷರ ಕಳಿಸುವುದೆಂದು ಮಾತಾಯಿತು: ಬಿ, ಎ. ಬಾ.

“ವಾಟ್ಸಾಪ್‌ದಾಗ ಬಾ ಅಂತ ಹಾಕಿದ್ರ ಮುಗೀತಲ್ರಿ?” ಎಂದಳು ನನ್ನ ಹೆಂಡತಿ.

ಆದರೆ ನಮ್ಮ ಅಲೆಯ ಉದ್ದ ಎರಡು ಕಿಲೋಮೀಟರಿಗೂ ಮಿಕ್ಕಿದ್ದು. ಅದಕ್ಕೆ ನನ್ನ ಮಾಳಿಗೆಯ ಮೇಲಿನ ಆಂಟೆನಾ ತಂತಿ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅವನ ಹೊಲದ ಸುತ್ತ ಹಗಲಿಗೆ ಸೋಲಾರ್ ಪಂಪುಗಳು ಎಬ್ಬಿಸುವ ರೇಡಿಯೊ ಗದ್ದಲ, ಕತ್ತಲಾದರೆ ಎಲ್‌ಇಡಿ ದೀಪಗಳದ್ದು. ವಾರ ವಾರವೂ ಕಳಿಸಿದೆ. ವಾರ ವಾರವೂ ಮೊಬೈಲಿಗೆ ಅವನ ಒಂದೇ ಮಾತು: ‘ಬರಲಿಲ್ಲ.’ ಕೊನೆಗೆ, ‘ಈ ಐತವಾರ ಬರಲಿಲ್ಲಂದ್ರ ಕಂಬ ಇಳಸ್ತೀನಿ’ ಎಂದು ಬರೆದ. ಕಂಬ ಇಳಿದರೆ ಅವನು ಮತ್ತೆ ಏರಿಸುವವನಲ್ಲ.

ಆ ಐತವಾರ ಬಿಸಿಲು ಕೆಂಡ. ಮಾಳಿಗೆ ಹತ್ತುವ ಧೈರ್ಯವಾಗದೆ ಕೆಳಗೆ ಪೆಟ್ಟಿಗೆ ಹಚ್ಚಿ ಅದರ ದೀಪ ನೋಡುತ್ತ ಕುಳಿತೆ. ಮಧ್ಯಾಹ್ನ ಅವನ ಸಂದೇಶ ಬಂತು: ‘ಬಂತೋ! ಬಾ ಬಂತು!’

ನನ್ನ ಕಣ್ಣು ತುಂಬಿತು. ಆ ತಂತಿಗೊಮ್ಮೆ ಕೈ ಮುಗಿಯೋಣವೆಂದು ಬರಿಗಾಲಲ್ಲಿ ಮಾಳಿಗೆಗೆ ಓಡಿದೆ. ತಂತಿ ಇರಲಿಲ್ಲ. ನೀಟಾಗಿ ಸುತ್ತಿ ಗೋಡೆಯ ಮೊಳೆಗೆ ತೂಗುಹಾಕಿತ್ತು.

“ತಲಿಗಿ ತಾಕತಿತ್ರಿ” ಎಂದಳು ಹೆಂಡತಿ, ಅಲ್ಲೇ ಒಣಹಾಕಿದ್ದ ಸಂಡಿಗೆಯ ಮೇಲಿನ ಸೀರೆ ಸರಿಪಡಿಸುತ್ತ. “ಮುಂಜಾನೆ ನೀವು ಜಳಕಕ್ಕ ಹೋದಾಗs ಬಿಚ್ಚಿ ಇಟ್ಟೀನಿ. ಯಾಕ್ರಿ?”

ಏನೂ ಇಲ್ಲವೆಂದೆ. ಕಾಲು ಸುಡುತ್ತಿದ್ದುದೂ ಗೊತ್ತಾಗಲಿಲ್ಲ. ಮುಂಜಾನೆಯಿಂದ ನನ್ನ ಮನೆಯಿಂದ ಏನೂ ಹೊರಟಿರಲಿಲ್ಲ. ಜನ್ಮದಲ್ಲಿ ಯಾರಿಗೂ ಸುಳ್ಳು ರಿಪೋರ್ಟು ಕೊಡದವನು ನನಗೆ ಮರ್ಯಾದೆಗೆಂದು ಕೊಟ್ಟಿದ್ದ. ಆಸೆ ಇದ್ದಷ್ಟು ದಿನ ‘ಬರಲಿಲ್ಲ’ ಎಂದು ಬರೆಯುತ್ತಿದ್ದನಲ್ಲ, ಅದೇ ವಾಸಿಯಿತ್ತು. ಹಾಗೆ ಬರೆದಾಗೆಲ್ಲ ಅವನ ಮೇಲೆ ಸಿಟ್ಟಾಗುತ್ತಿದ್ದ ನಾನು ಎಂಥ ಮುಠ್ಠಾಳ.

ತಂತಿಯ ಮಾತು ಅವನಿಗೆ ಹೇಳಲಿಲ್ಲ. ‘ಬರೋ ಐತವಾರ ನೀ ಕಳಸು, ನಾ ನೋಡ್ತೀನಿ’ ಎಂದು ಬರೆದೆ. ‘ಆತು’ ಎಂದ.

ಆ ದಿನ ತಂತಿಯನ್ನು ಮತ್ತೆ ಮೇಲೆ ಕಟ್ಟಿ, ಬೆಳಿಗ್ಗೆಯಿಂದ ಪರದೆಯ ಮುಂದೆ ಕೂತೆ. ಬೂದಿ ಬಣ್ಣದ ಗದ್ದಲವೊಂದು ಮೆಲ್ಲಗೆ ಜಾರುತ್ತಿತ್ತು, ಅಷ್ಟೇ. ಗೆರೆ ಬೀಳಬೇಕಾದ ಜಾಗವನ್ನೇ ದಿಟ್ಟಿಸಿ ಕಣ್ಣು ಉರಿಯತೊಡಗಿತು. ಅಲ್ಲಿ ಅವನು ಪೆಟ್ಟಿಗೆ ಹಚ್ಚಿಕೊಂಡು, ಮೊಬೈಲು ಕೈಯಲ್ಲಿ ಹಿಡಿದು ಕೂತಿರುತ್ತಾನೆ ಎನಿಸಿತು. ಮಧ್ಯಾಹ್ನ ತಡೆಯಲಾಗದೆ ಬರೆದೆ: ‘ಬಂತು. ಚಲೋ ಬಂತು.’

ಉತ್ತರ ಬರಲು ತಡವಾಯಿತು.

‘ಕಂಬ ನಿನ್ನೇನs ಇಳಸೀನೋ’ ಎಂದಿತ್ತು. ಅದರ ಕೆಳಗೆ ಇನ್ನೊಂದು: ‘ಸುಳ್ಳ ರಿಪೋರ್ಟ್ ಕೊಡೂದು ನೀನೂ ಕಲ್ತೆಲ್ಲ.’