ರಾಧಿಕಾ ಹೇಳಿದ ಶೂ

ಇಳಕಲ್ಲಿನಿಂದ ಬಾಗಲಕೋಟೆಗೆ ಓಡುವ ಬಸ್ಸಿನ ಕಂಡಕ್ಟರ್ ಸವಿತಾ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ‘ಪಾಸ್ ಐತ್ರಿ’ ಎಂದವರ ಪಾಸು ಇಸಿದುಕೊಂಡು ಫೋಟೊ ನೋಡಿ, ಮುಖ ನೋಡಿ, ಮತ್ತೆ ಫೋಟೊ ನೋಡುವಳು. ಗಂಡ ನಿಂಗರಾಜ ತಾನಾಗಿಯೇ ಚಹಾ ಮಾಡಿಕೊಟ್ಟರೆ, ‘ಏನ್ ಬೇಕಾಗೇತಿ?’ ಎಂದು ಕೇಳುವಳು.

ಅವಳು ನಂಬಿದ್ದು ತನ್ನ ಕಾಲುಗಳನ್ನು. ಹುಡುಗಿಯಾಗಿದ್ದಾಗ ಅಪ್ಪನ ಕುರಿಗಳ ಹಿಂದೆ ಬರಿಗಾಲಲ್ಲಿ ಗುಡ್ಡ ಸುತ್ತಿದವಳು. ಮದುವೆ, ನೌಕರಿ ಎಂದು ಬಿಟ್ಟುಹೋಗಿದ್ದ ಓಟವನ್ನು ನಲವತ್ತರ ಹತ್ತಿರ ಮತ್ತೆ ಹಿಡಿದಿದ್ದಳು. ದಪ್ಪ ಅಟ್ಟೆಯ ಶೂ ಹಾಕಿದರೆ ಕೆಳಗಿನ ಕಲ್ಲು ತಿಳಿಯದೆ ಪಾದ ಹೊರಳುತ್ತಿತ್ತು. ಹೋದ ವರ್ಷ ಬಾದಾಮಿಯ ಗುಡ್ಡದ ಓಟದಲ್ಲಿ ಹಳೆಯ ಕ್ಯಾನ್ವಾಸ್ ಶೂನಲ್ಲೇ ಓಡಿ, ಇಳಕಲ್ಲಿನ ಪಿ.ಟಿ. ಟೀಚರ್ ರಾಧಿಕಾಳನ್ನು ಹಿಂದೆ ಹಾಕಿದ್ದಳು.

ಅದೇ ರಾಧಿಕಾ ಒಂದು ದಿನ ಬಸ್ಸಿನಲ್ಲಿ ಸಿಕ್ಕಳು. “ಅಕ್ಕಾ, ಈ ಸರ್ತಿ ಓಟ ಮಳಿಗಾಲದಾಗ ಇಟ್ಟಾರ. ತೆಳ್ಳನ ಅಟ್ಟಿದು ವಾಟರ್‌ಪ್ರೂಫ್ ಶೂ ಬಂದಾವ. ನೀ ಅದನ್ನ ತಗೋ.”

ಸೋತವಳು ಗೆದ್ದವಳಿಗೆ ಯಾಕೆ ದಾರಿ ಹೇಳುತ್ತಾಳೆ? ಹುಳುಕು ಇರಲೇಬೇಕು ಅನಿಸಿತು ಸವಿತಾಳಿಗೆ.

ಬಾಗಲಕೋಟೆಯಲ್ಲಿ ಅಫ್ಸರನ ಶೂ ಅಂಗಡಿಗೆ ಹೋಗಿ ಅದೇ ಶೂ ತೆಗೆಸಿದಳು. ಮಡಚಿದಳು, ಹಿಂಡಿದಳು, ಒಳಗೆ ಕೈ ಹಾಕಿ ಹೊಲಿಗೆ ಸವರಿದಳು. ಅಟ್ಟೆ ರೊಟ್ಟಿಯಷ್ಟು ತೆಳ್ಳಗಿತ್ತು, ಕಾಲಿಗೂ ಹಿಡಿಸಿತು. ಆದರೂ ಮನಸ್ಸು ಒಪ್ಪಲಿಲ್ಲ.

“ಒಂದ್ ಬಕೀಟ ನೀರ್ ತರ್ರಿ.”

“ಅಕ್ಕಾರ, ಶೂ ತಗೊಳಾಕ ಬಂದೀರೋ, ಒಗಿಯಾಕ ಬಂದೀರೋ?” ಎಂದು ನಗುತ್ತಲೇ ಅಫ್ಸರ ನೀರು ತಂದಿಟ್ಟ.

ಶೂ ಹಾಕಿದ ಕಾಲನ್ನು ಸವಿತಾ ಮೆಲ್ಲಗೆ ಇಳಿಸಿದಳು. ಒಂದು ಹನಿಯೂ ಒಳಗೆ ಬರಲಿಲ್ಲ. ಇನ್ನಷ್ಟು ಇಳಿಸಿದಾಗ ಮೇಲಿಂದ ನೀರು ನುಗ್ಗಿ ತುಂಬಿತು. ಕಾಲೆತ್ತಿದರೆ ಅಷ್ಟೂ ನೀರು ಒಳಗೇ ನಿಂತಿತ್ತು.

“ಇದು ಹೊರಗ ಹೆಂಗ ಹೋಗ್ತೈತ್ರಿ?”

“ಹೋಗಂಗಿಲ್ರಿ. ಹಸಿ ಹುಲ್ಲಿಗೆ ಭಾಳ ಚಲೋ. ಹಳ್ಳಕ್ಕ ಇದು ಅಲ್ರಿ,” ಎಂದ ಅಫ್ಸರ.

ಓಟದ ದಾರಿಯಲ್ಲಿ ಮೊಣಕಾಲುದ್ದದ ಹಳ್ಳವಿತ್ತು. ಅದು ರಾಧಿಕಾಳಿಗೂ ಗೊತ್ತು. ಸಿಕ್ಕಿತಲ್ಲ ಹುಳುಕು! ಒದ್ದೆ ಮಾಡಿದ ಜೋಡಿಯನ್ನು ಒರೆಸಿಟ್ಟು, ನೀರು ಸೋರಿಹೋಗುವ ಬಲೆ ಬಟ್ಟೆಯ ತೆಳು ಶೂ ಕೊಂಡಳು. ರಾಧಿಕಾಳ ಮುಂದೆ ಬಾಯಿ ಬಿಡಲಿಲ್ಲ.

ಓಟದ ದಿನ ಹಳ್ಳ ಕೆಂಪಗೆ ಹರಿಯುತ್ತಿತ್ತು. ಇಬ್ಬರೂ ಒಟ್ಟಿಗೇ ದಾಟಿದರು. ಸವಿತಾ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಶೂ ಹಗುರಾಯಿತು. ಹಿಂದೆ ಪಚಕ್ ಪಚಕ್ ಸದ್ದು ಕೇಳಿ ತಿರುಗಿದಳು. ರಾಧಿಕಾ ಬಂಡೆಯ ಮೇಲೆ ಕೂತು ಶೂ ಬಿಚ್ಚಿ ನೀರು ಸುರಿಯುತ್ತಿದ್ದಳು. ಅದೇ ವಾಟರ್‌ಪ್ರೂಫ್ ಶೂ.

ಸವಿತಾ ಓಟ ಬಿಟ್ಟು ಬಂಡೆಯ ಹತ್ತಿರ ಹಿಂದಿರುಗಿದಳು.

“ಹಿಂಗ ಆಗ್ತೈತಿ ಅಂತ ನಿನಗ ಗೊತ್ತಿತ್ತೇನಕ್ಕಾ?” ಸವಿತಾಳ ಕಾಲನ್ನೇ ನೋಡುತ್ತ ರಾಧಿಕಾ ಕೇಳಿದಳು.

“ಗೊತ್ತಿತ್ತು. ನೀನ ನನಗ ಮೋಸ ಮಾಡಾಕ ಹೊಂಟಿ ಅಂದ್ಕೊಂಡಿದ್ದೆ.”

ರಾಧಿಕಾ ಶೂ ಹಾಕಿ ದಾರ ಬಿಗಿದಳು. ಸವಿತಾ ಎಬ್ಬಿಸಲು ಚಾಚಿದ ಕೈಯನ್ನು ಹಿಡಿಯದೆ ತಾನೇ ಎದ್ದು ಓಡಿದಳು. ಆ ದಿನವೂ ಸವಿತಾಳೇ ಮೊದಲು ಬಂದಳು. ಗೆದ್ದದ್ದನ್ನು ಮನೆಯಲ್ಲಿ ಯಾರಿಗೂ ಹೇಳುವ ಮನಸ್ಸಾಗಲಿಲ್ಲ.

ದೀಪಾವಳಿ ಮುಗಿದ ಮೇಲೆ ಸವಿತಾಳೇ ಹೋಗಿ ರಾಧಿಕಾಳನ್ನು ಜೊತೆಗೆ ಓಡಲು ಕರೆದಳು. ಈಗ ರಜೆಯ ದಿನ ಇಬ್ಬರೂ ಮರೋಳದ ಕಾಲುವೆ ದಂಡೆಯಲ್ಲಿ ಜೊತೆಗೆ ಓಡುತ್ತಾರೆ. ಆದರೆ “ಈ ಕಡೆ ದಾರಿ ಚಲೋ ಐತಿ” ಎಂದು ಸವಿತಾ ಹೇಳಿದರೆ, ರಾಧಿಕಾ ಮೊದಲು ನಿಂತು ತಾನೇ ನೋಡುತ್ತಾಳೆ.