ಎರ್ವಿನ್ ಪೀಕಾನ ಎದೆಯೊಳಗಿನ ಮುಷ್ಕರ

ಎರ್ವಿನ್ ಪೀಕಾ ಸಿಲೇಸಿಯಾ ಪ್ರಾಂತ್ಯದ ಕಲ್ಲಿದ್ದಲು ಗಣಿಯಲ್ಲಿ ಅರ್ಧ ಆಯುಷ್ಯ ಸವೆಸಿದವನು. ಮುಷ್ಕರಗಳಲ್ಲಿ ಲಾಠಿಯೇಟು ತಿಂದಿದ್ದ, ತಿಂದದ್ದಕ್ಕಿಂತ ಹೆಚ್ಚು ಬೈದಿದ್ದ. ಈಗ ಮೂರನೆಯ ಮಹಡಿಯ ಮನೆ ಮುಟ್ಟಬೇಕಾದರೆ ಉಸಿರು ಸಾಲದೆ ಮಹಡಿಗೊಮ್ಮೆ ಮೆಟ್ಟಿಲ ಮೇಲೆ ಕುಕ್ಕರಿಸಬೇಕಿತ್ತು. ಗಣಿಯ ಜೊತೆಗಾರ ಝಿಗ್‌ಫ್ರಿಡ್ ಎದೆಯಲ್ಲಿ ಕಲ್ಲಿದ್ದಲಿನ ಧೂಳು ತುಂಬಿ, ಹೀಗೇ ಕೂತು ಕೂತು ಕೊನೆಗೆ ಆಕ್ಸಿಜನ್ ಸಿಲಿಂಡರಿನ ಪಕ್ಕದಲ್ಲೇ ಸತ್ತಿದ್ದ. ಮುಂದಿನ ಸರದಿ ತನ್ನದೆಂದು ಎರ್ವಿನ್, ಹೆಣಕ್ಕೆ ತೊಡಿಸಲು ಗಣಿಗಾರರ ಕಪ್ಪು ಸಮವಸ್ತ್ರವನ್ನೂ ಇಸ್ತ್ರಿ ಮಾಡಿಸಿಟ್ಟಿದ್ದ.

ಆಸ್ಪತ್ರೆಯವರು ಶ್ವಾಸಕೋಶಕ್ಕೆ ನೀರು ಬಿಟ್ಟು, ತೊಳೆದು ತೆಗೆದ ನೀರನ್ನು ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ಕೇಳಲು ಹೆಂಡತಿ ಗೆರ್ಡಾಳೂ ಜೊತೆಗೆ ಬಂದಳು.

"ಗಣಿ ಧೂಳು ತಾನೇ ಡಾಕ್ಟ್ರಮ್ಮ? ನೇರ ಹೇಳ್ಬಿಡಿ" ಎಂದ ಎರ್ವಿನ್.

"ನಡುವೆ ಯಾವಾಗಾದ್ರೂ ಉಸಿರಾಟ ಹಗುರ ಆಗಿತ್ತಾ?"

ಎರ್ವಿನ್ ಇಲ್ಲವೆಂದು ತಲೆಯಾಡಿಸುವಷ್ಟರಲ್ಲಿ ಗೆರ್ಡಾ ಬಾಯಿ ಹಾಕಿದಳು. "ಸುಳ್ಳು! ಸಮುದ್ರದ ಹತ್ರ ಆರೈಕೆಗೆ ಹೋದಾಗ ಗೂಳಿ ಥರ ತಿರುಗ್ತಿದ್ದ. ವಾಪಸ್ ಬಂದವನೇ ತಾನು ಸಾಕಿರೋ ಪಾರಿವಾಳಗಳ ಗೂಡು ಕೆರೆದು ಕ್ಲೀನ್ ಮಾಡ್ದ. ಸಂಜೆಗೆ ಜ್ವರ, ಕೆಮ್ಮು."

"ಪಾರಿವಾಳಾನಾ? ಯಾಕೆ ಹೇಳ್ಲಿಲ್ಲ?"

"ನೀವ್ಯಾರು ಕೇಳಿದ್ರಿ? ಎಲ್ರಿಗೂ ಕಲ್ಲಿದ್ದಲೇ ಬೇಕು!" ಎಂದು ಎರ್ವಿನ್ ಗುಡುಗಿದ. ಕಲ್ಲಿದ್ದಲು ಕಲ್ಲಿದ್ದಲು ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ತಾನೇ ಎಂಬುದು ಆಮೇಲೆ ನೆನಪಾಯಿತು.

ಡಾಕ್ಟರ್ ಬಿಡಿಸಿ ಹೇಳಿದಳು. "ಇದು ಗಣಿ ಧೂಳಿಂದಲ್ಲ, ತೊಳೆದ ನೀರಲ್ಲಿ ಸಿಕ್ಕಿದ್ದು ಊತ ತರೋ ಜೀವಕೋಶಗಳು. ಜೀವಕೋಶಗಳು ಮಾತಾಡ್ಕೊಳ್ತವೆ ಪೀಕಾ ಅವ್ರೇ. ಒಂದು ಜೀವಕೋಶ ಪ್ರೋಟೀನ್ ಬಿಡುತ್ತೆ, ಪಕ್ಕದ್ದು ಅದನ್ನ ಹಿಡಿದು ಎಚ್ಚರ ಆಗುತ್ತೆ. ಪಾರಿವಾಳದ ಹಿಕ್ಕೆ, ಪುಕ್ಕದ ಧೂಳು ಒಳಗೆ ಹೋದಾಗೆಲ್ಲ ಶತ್ರು ಬಂದ ಅಂತ ಸುದ್ದಿ ಹಬ್ಬಿ ಊತ ಬರುತ್ತೆ. ನೀವು ದಿನಾ ಗೂಡಿಗೆ ಹೋಗ್ತೀರಿ, ಅವು ದಿನಾ ಕೂಗ್ತವೆ."

"ಅಂದ್ರೆ ಒಳಗೆ ಮುಷ್ಕರ."

"ಹೂಂ. ಹೀಗೇ ಬಿಟ್ರೆ ಶ್ವಾಸಕೋಶ ಒಣ ತೊಗಲಿನ ಥರ ಗಟ್ಟಿ ಆಗುತ್ತೆ. ನಿಮ್ಮದಿನ್ನೂ ಆಗಿಲ್ಲ. ಹಕ್ಕಿ ಸಾಕೋದು ಬಿಟ್ರೆ ಬದುಕ್ತೀರಿ."

ಹೊರಗೆ ಬಂದಾಗ ಗೆರ್ಡಾ ಮೂಗೊರೆಸಿಕೊಂಡು ಚುಚ್ಚಿದಳು. "ಗಣಿಗೆ ಬೈದಿದ್ದೆಲ್ಲ ವಾಪಸ್ ತಗೋ ಇನ್ನು."

"ಒಂದೂ ತಗೊಳಲ್ಲ. ಬೈಯೋಕೆ ಬೇರೆ ನೂರು ಕಾರಣ ಇದೆ."

ಹಕ್ಕಿಗಳೆಲ್ಲ ಪಕ್ಕದೂರಿನ ಹೆರ್ಬರ್ಟನ ಪಾಲಾದವು. ಎಷ್ಟು ದೂರ ಬಿಟ್ಟರೂ ಹಳೆಯ ಗೂಡಿಗೇ ಹಾರಿ ಬರುವ ಪಂದ್ಯದ ಹಕ್ಕಿಗಳವು. ಅದಕ್ಕೇ ಹೆರ್ಬರ್ಟ್ ಬೀಗ ಹಾಕಿಯೇ ಸಾಕಿದ. ಅಂಗಳದ ಗೂಡನ್ನು ನೆರೆಯವರು ಒಡೆದು ಸಾಗಿಸಿದರು. ಎರ್ವಿನ್ ಅಳಲಿಲ್ಲ, ಒಂದು ವಾರ ಎಲ್ಲರಿಗೂ ಬೈದ.

ವಸಂತದಲ್ಲಿ ಒಂದು ದಿನ ಅಂಗಳದ ಬೆಂಚಿನ ಮೇಲೆ ಕೂತಿದ್ದಾಗ ಮೇಲಿನಿಂದ ಗೆರ್ಡಾ ಕೂಗಿದಳು. "ಏ ಎರ್ವಿನ್, ನನ್ನ ಸವತಿ ಬಂದಿದ್ದಾಳೆ ನೋಡು!"

ಹೆರ್ಬರ್ಟನ ಬೀಗ ತಪ್ಪಿಸಿಕೊಂಡ ಮುದಿ ಹೆಣ್ಣು ಪಾರಿವಾಳ ಅಡುಗೆಮನೆಯ ಕಿಟಕಿಗೆ ಬಂದು ಕೂತಿತ್ತು.

"ಕಿಟಕಿ ತೆಗೀಬೇಡ ಕಣೇ!" ಎಂದು ಅರಚುತ್ತ ಎರ್ವಿನ್ ಮೆಟ್ಟಿಲೇರಿ ಓಡಿದ. ಒಳಗೆ ನುಗ್ಗಿ ಗಾಜು ಬಡಿದ. "ಹೋಗೇ ಮುದುಕಿ, ಹೆರ್ಬರ್ಟನ ಜೋಳ ತಿನ್ನು ಹೋಗು!" ಹಕ್ಕಿ ತಲೆ ಓರೆ ಮಾಡಿ ನೋಡಿತು, ಆಮೇಲೆ ಹಾರಿತು.

ಗೆರ್ಡಾ ಅವನನ್ನೇ ನೋಡುತ್ತಿದ್ದಳು. ಬಾಗಿಲಾಚೆಯ ಮೆಟ್ಟಿಲುಗಳತ್ತ ಅವನೂ ತಿರುಗಿ ನೋಡಿದ. ಮೂರು ಮಹಡಿ ಹತ್ತುವಾಗ ಅವನು ಎಲ್ಲೂ ಕೂತಿರಲಿಲ್ಲ.

"ನೀರು ಕೊಡ್ಲಾ?"

"ನೀರು ಯಾರಿಗೆ ಬೇಕು, ಬಿಯರ್ ಕೊಡು. ಆ ಹೆಣದ ಬಟ್ಟೆ ಬೀರುವಿಂದ ತೆಗೆದು ಬಿಸಾಕು, ಮೊದಲು."