ಮೊದಲ ಗುಡ್ಡೆಯ ಹರಳು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಉತ್ತರಕ್ಕೆ ಕಿಟಕಿ ಇದ್ದ ಮನೆ ಒಂದೇ. ಅದರಲ್ಲಿ ಅಕ್ಕಯಮ್ಮ ಇಪ್ಪತ್ತೊಂದು ವರ್ಷ ಭೋಗ್ಯಕ್ಕಿದ್ದಳು. ಮಿಕ್ಕ ಮನೆಗಳಿಗೆ ಬಿಸಿಲು ನೇರ ಬೀಳುತ್ತದೆ. ಬಿಸಿಲಿನಲ್ಲಿ ಬಣ್ಣ ನೋಡಬಾರದು, ದೀಪದಲ್ಲಂತೂ ನೋಡಲೇಬಾರದು, ಮಗ್ಗದ ಮನೆಯವರಿಗೆಲ್ಲ ಇದು ಗೊತ್ತು. ಉತ್ತರದ ಬೆಳಕು ಬೆಳಗ್ಗೆ ಹತ್ತರಿಂದ ಎರಡರವರೆಗೆ ಒಂದೇ ಸಮ ಇರುತ್ತದೆ. ಆ ಹೊತ್ತಿನಲ್ಲಿ, ಅವಳಿಗೆ ರಜೆ ಇದ್ದ ದಿನ, ಬೀದಿಯ ಹೆಂಗಸರೆಲ್ಲ ನೂಲಿನ ಲಡಿ ಹಿಡಿದುಕೊಂಡು ಅವಳ ಬಾಗಿಲಿಗೆ ಹೋಗುತ್ತಿದ್ದೆವು. ಹೋದ ವಾರ ಬಣ್ಣ ಹಾಕಿಸಿದ ಲಡಿಗೆ ಈ ವಾರದ ಲಡಿ ಕೂಡುತ್ತದೋ ಇಲ್ಲವೋ ಅವಳು ನೋಡಿ ಹೇಳಬೇಕು. ಕೂಡದ ನೂಲನ್ನು ಹಾಕಿ ನೇಯ್ದರೆ ಸೀರೆಯ ನಡುವೆ ಪಟ್ಟೆ ಬೀಳುತ್ತದೆ. ಆಮೇಲೆ ಅದನ್ನು ಯಾವ ಅಂಗಡಿಯವನೂ ಮುಟ್ಟುವುದಿಲ್ಲ. ಅಕ್ಕಯಮ್ಮ ಎರಡು ಲಡಿಯನ್ನೂ ಬೆರಳಿಗೆ ಸುತ್ತಿಕೊಂಡು, ಕಿಟಕಿಗೆ ಹಿಡಿದು, ಒಂದೇ ಮಾತು ಹೇಳುತ್ತಿದ್ದಳು. ಅಷ್ಟು ವರ್ಷದಲ್ಲಿ ಆ ಮಾತು ಒಂದು ಸಲವೂ ತಪ್ಪಲಿಲ್ಲ.

ಅವಳ ಗಂಡ ಹೋದಾಗ ಅವಳಿಗೆ ಮೂವತ್ತೇಳು. ಮಗ್ಗ ಮಾರಬೇಕಾಯಿತು. ಮಕ್ಕಳಿಲ್ಲ. ಅದೇ ವರ್ಷ ದೊಡ್ಡಬೆಳವಂಗಲದ ಕಡೆಯ ಜಮೀನ್ದಾರರ ಮನೆಯ ಕಾಂತರಾಜು ಊರಾಚೆ ಒಂದು ಶೆಡ್ಡು ಹಾಕಿ ಹರಳು ಕತ್ತರಿಸಿ ಉಜ್ಜುವ ಕೆಲಸ ಶುರು ಮಾಡಿದ್ದ. ಹೊರದೇಶದಿಂದ ಬರುವ ಒರಟು ಕಲ್ಲನ್ನು ಅವನು ಬೆಂಗಳೂರಿನಲ್ಲಿ ಮೂಟೆಯ ಲೆಕ್ಕದಲ್ಲಿ ಹಿಡಿಯುತ್ತಿದ್ದ. ಕತ್ತರಿಸುವವರು ಸಿಕ್ಕಿದ್ದರು, ಬಣ್ಣ ವಿಂಗಡಿಸುವ ಕಣ್ಣು ಸಿಕ್ಕಿರಲಿಲ್ಲ. ಯಾರೋ ಅಕ್ಕಯಮ್ಮನ ಹೆಸರು ಹೇಳಿದರು. ಅವನು ಬಂದು ಬಿಳಿ ಕಾಗದದ ಮೇಲೆ ಅರವತ್ತು ಹರಳು ಸುರಿದು, ಐದು ಗುಡ್ಡೆ ಮಾಡು ಅಂದ. ಅರ್ಧ ಗಂಟೆಯಲ್ಲಿ ಮಾಡಿದಳು. ಅವನು ಅವನ್ನು ಮತ್ತೆ ಕಲಸಿ, ಮಾರನೆಯ ದಿನ ಬಂದು, ಇನ್ನೊಂದು ಸಲ ಮಾಡು ಅಂದ. ಒಂದು ಹರಳೂ ಗುಡ್ಡೆ ಬದಲಾಯಿಸಲಿಲ್ಲ. ಅಂದಿನಿಂದ ಅವಳು ಕೆಲಸಕ್ಕೆ ಸೇರಿದಳು.

ಆ ಹರಳಿಗೆ ಟೂರ್ಮಲೀನ್ ಅನ್ನುತ್ತಾರೆ. ಕೆಂಪು, ಗುಲಾಬಿ, ಹಸಿರು, ನೀಲಿ, ಒಂದೇ ಕಲ್ಲಿನ ಎರಡು ತುದಿಗೆ ಎರಡು ಬಣ್ಣ, ಎಲ್ಲ ಅದರಲ್ಲೇ ಬರುತ್ತದೆ. ಅಕ್ಕಯಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಒಂದರಿಂದ ಐದರವರೆಗೆ ಅಂಕಿ ಬರುತ್ತಿತ್ತು. ಗುಡ್ಡೆ ಮಾಡಿದ ಹರಳನ್ನು ಮಡಿಸಿದ ಕಾಗದದ ಪೊಟ್ಟಣಕ್ಕೆ ಹಾಕಿ, ಮೇಲೆ ಪೆನ್ಸಿಲಿನಲ್ಲಿ ಗುಡ್ಡೆಯ ಅಂಕಿ ಬರೆಯುತ್ತಿದ್ದಳು. ಅವಳ ಒಂದರ ಅಂಕಿ ಬಲಕ್ಕೆ ಸ್ವಲ್ಪ ವಾಲಿಕೊಂಡಿರುತ್ತಿತ್ತು. ಬೆಂಗಳೂರಿನ ವ್ಯಾಪಾರಿಗಳು ಆ ವಾಲಿದ ಒಂದನ್ನು ನೋಡಿದರೆ ಪೊಟ್ಟಣ ಬಿಚ್ಚದೆ ಬೆಲೆ ಮಾತಾಡುತ್ತಾರೆ ಎಂದು ಕಾಂತರಾಜು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ಅವಳ ಸಂಬಳ ಮಾತ್ರ ಹರಳು ಉಜ್ಜುವವರ ಸಂಬಳಕ್ಕಿಂತ ನೂರು ರೂಪಾಯಿ ಜಾಸ್ತಿ.

ಮೊದಲ ಗುಡ್ಡೆಯ ಒಂದು ಹರಳಿನ ದುಡ್ಡಿಗೆ ಐದನೆಯ ಗುಡ್ಡೆಯದನ್ನು ಸೇರಿನಲ್ಲಿ ಅಳೆದು ಕೊಡಬಹುದಂತೆ. ಎಲ್ಲ ಒಂದೇ ಹೆಸರಿನ ಕಲ್ಲು, ಇಷ್ಟೊಂದು ಹೆಚ್ಚು ಕಮ್ಮಿ ಯಾಕೆ ಎಂದು ನಾನು ಒಂದು ದಿನ ಕೇಳಿದೆ. ಅವಳು ಅವರೆಕಾಯಿ ಬಿಡಿಸುತ್ತ ನಿಧಾನವಾಗಿ ಹೇಳಿದಳು. ಚಿನ್ನಕ್ಕೆ ದಿನಾ ಬೆಳಗ್ಗೆ ಬೋರ್ಡಿನ ಮೇಲೆ ದರ ಬರೆಯುತ್ತಾರೆ. ವಿಜಯಪುರದ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡಿಗೆ ಎಲ್ಲರ ಕಣ್ಣೆದುರು ಹರಾಜು ಕೂಗುತ್ತಾರೆ. ಹರಳಿಗೆ ಬೋರ್ಡೂ ಇಲ್ಲ, ಹರಾಜೂ ಇಲ್ಲ. ಮೊದಲು ನೋಡುವುದು ಬಣ್ಣ. ಬಿಡಿಸಿದ ದಾಳಿಂಬೆ ಕಾಳಿನ ಕೆಂಪು ಇದ್ದರೆ ಒಂದು ಬೆಲೆ, ಅದರಲ್ಲಿ ಇಟ್ಟಿಗೆಯ ಕಂದು ಒಂದು ಚೂರು ಬೆರೆತರೂ ಅದರ ಕಾಲು ಭಾಗ. ಆಮೇಲೆ ಒಳಗೆ ಬಿರುಕು, ಮೋಡ ಏನಿದೆ ಎಂದು ನೋಡಬೇಕು. ಆಮೇಲೆ ಗಾತ್ರ. ದೊಡ್ಡದು ನೆಲದಲ್ಲಿ ಸಿಗುವುದೇ ಅಪರೂಪ, ಆದ್ದರಿಂದ ತೂಕ ಎರಡರಷ್ಟಾದರೆ ಬೆಲೆ ನಾಲ್ಕರಷ್ಟು ಏರುತ್ತದೆ. ಹಸಿರು ಕಲ್ಲು ಅಡ್ಡಕ್ಕೆ ನೋಡಿದರೆ ಹಸಿರು, ಉದ್ದಕ್ಕೆ ನೋಡಿದರೆ ಕಪ್ಪು. ಕತ್ತರಿಸುವವನು ದಿಕ್ಕು ತಪ್ಪಿದರೆ ಒಳ್ಳೆಯ ಕಲ್ಲೂ ಇದ್ದಿಲಾಗುತ್ತದೆ. ಸಮುದ್ರದಾಚೆ ಎಲ್ಲೋ ತಾಮ್ರ ಬೆರೆತ ನೀಲಿ ಕಲ್ಲು ಸಿಗುತ್ತದಂತೆ, ಒಳಗೆ ಬಲ್ಬು ಹಾಕಿದ ಹಾಗೆ ಇರುತ್ತದಂತೆ, ಅದರ ಬೆಲೆ ಲಕ್ಷದಲ್ಲೇ ಶುರು. ಅದೇ ಗಾತ್ರದ ಬೇರೆ ನೀಲಿ ಕಲ್ಲಿಗೆ ಸಾವಿರದಲ್ಲಿ ಮುಗಿಯುತ್ತದೆ. ಬೆಂಕಿಗೆ ಇಟ್ಟು ಬಣ್ಣ ತಿದ್ದಿದ್ದಾರೋ, ಪರೀಕ್ಷೆ ಮಾಡಿಸಿದ ಪೇಪರ್ ಇದೆಯೋ, ಅದಕ್ಕೂ ಬೆಲೆ ಬದಲು.

ಅಷ್ಟೇನಾ ಅಂದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

“ಇನ್ನೊಂದದೆ. ಅದು ಯಾರ ಕೈಲದೆ ಅನ್ನೋದು.”

ಎರಡು ವರ್ಷದ ಹಿಂದೆ ಮನೆಯ ಮಾಲೀಕ ಅಪ್ಪಯ್ಯಣ್ಣ ಮನೆ ಮಾರುತ್ತೇನೆ ಎಂದು ಹೇಳಿ ಕಳಿಸಿದ. ಇಷ್ಟು ವರ್ಷ ಇದ್ದವಳು ಎಂದು ಸಂಕ್ರಾಂತಿಯವರೆಗೆ ಅವಳಿಗೆ ಟೈಮು ಕೊಟ್ಟ, ಆಮೇಲೆ ಬೇರೆಯವರಿಗೆ. ಭೋಗ್ಯದ ದುಡ್ಡು ಕಳೆದು ಇನ್ನೂ ಆರು ಲಕ್ಷ ಬೇಕು. ಅವಳಿಗೆ ಆಗ ಐವತ್ತೆಂಟು. ಕೆಲಸ ಬಿಟ್ಟು, ಆ ಕಿಟಕಿಯ ಕೆಳಗೆ ಕೂತು, ಬೀದಿಯವರ ಲಡಿ ನೋಡಿಕೊಡುತ್ತ ಅದರಲ್ಲೇ ಗಂಜಿ ಕಾಣುತ್ತೇನೆ ಎಂದುಕೊಂಡಿದ್ದಳು. ಆ ಕಿಟಕಿ ಹೋದರೆ ಅವಳಿಗೆ ಬೇರೆ ಜೀವನವಿಲ್ಲ. ಇಪ್ಪತ್ತೊಂದು ವರ್ಷ ದುಡಿದದ್ದಕ್ಕೆ ಏನು ಬರುತ್ತದೋ ಕೊಡಿ ಎಂದು ಕಾಂತರಾಜುವನ್ನು ಕೇಳಿದಳು.

ಅವನು ಬೀರುವಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟ. ಹುಣಸೆ ಬೀಜದಷ್ಟು ದೊಡ್ಡ ಕೆಂಪು ಹರಳು. ಪೊಟ್ಟಣದ ಮೇಲೆ ಅವಳದೇ ಕೈಯ, ವಾಲಿದ ಒಂದರ ಅಂಕಿ.

“ದುಡ್ಡು ಕೊಟ್ರೆ ಕರಗೋಗ್ತದೆ ಕಣಮ್ಮ. ಇದನ್ನ ಇಟ್ಕೊ. ನಿನ್ ಮನೆ ಇದ್ರೊಳಗದೆ.”

ಅವಳು ಶೆಡ್ಡಿನ ಕಿಟಕಿಗೆ ಹಿಡಿದು ನೋಡಿದಳು. ಬಣ್ಣ ದಾಳಿಂಬೆ, ಒಳಗೆ ಏನೂ ಕಾಣಲಿಲ್ಲ, ಮೇಲೆ ತನ್ನದೇ ಅಂಕಿ. ಬರಬೇಕಾದದ್ದೆಲ್ಲ ಬಂತು ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದಳು.

ಮೂರು ತಿಂಗಳು ಹರಳನ್ನು ದೇವರ ಗೂಡಿನಲ್ಲಿ ಕುಂಕುಮದ ಡಬ್ಬಿಯೊಳಗೆ ಇಟ್ಟಿದ್ದಳು. ಮಾರ್ಗಶಿರದಲ್ಲಿ ಮಾರಲು ಹೊರಟಾಗ ತೆಗೆದು ನೋಡಿದರೆ ಕುಂಕುಮ, ದೀಪದ ಎಣ್ಣೆ ಎಲ್ಲ ಮೆತ್ತಿತ್ತು. ನಮ್ಮ ಕಡೆ ಹಸಿ ರೇಷ್ಮೆಯನ್ನು ಯಾರೂ ಹಾಗೇ ಅಂಗಡಿಗೆ ಒಯ್ಯುವುದಿಲ್ಲ. ಅದಕ್ಕೆ ಹುಟ್ಟಿನಿಂದ ಒಂದು ಅಂಟಿರುತ್ತದೆ. ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಅಂಟು ಬಿಟ್ಟು ಹೊಳಪು ಬರುತ್ತದೆ. ಕೈಗೆ ಬಂದದ್ದನ್ನು ಕುದಿಸಿ ಶುದ್ಧ ಮಾಡಿಯೇ ತೋರಿಸಬೇಕು ಎನ್ನುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಶೆಡ್ಡಿನಲ್ಲಿ ಹರಳು ತೊಳೆಯುವುದು ಹಿಂದಿನ ಕೋಣೆಯಲ್ಲಿ. ಆ ಕೋಣೆಗೆ ಅವಳನ್ನು ಯಾವತ್ತೂ ಬಿಟ್ಟಿರಲಿಲ್ಲ. ಅಕ್ಕಯಮ್ಮ ಹರಳನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಸೋಪು ಸೋಡಾದ ನೀರಿಗೆ ಇಳಿಬಿಟ್ಟು, ರೇಷ್ಮೆಗೆ ಕೊಡುವಷ್ಟೇ ಹೊತ್ತು, ಮುಕ್ಕಾಲು ಗಂಟೆ, ಕುದಿಸಿದಳು.

ಬಟ್ಟೆ ಬಿಚ್ಚಿದಾಗ ನಾನೂ ಇದ್ದೆ. ನೀರಿನ ಮೇಲೆ ಎಣ್ಣೆಯ ಪೊರೆ ತೇಲುತ್ತಿತ್ತು. ಹರಳು ಮಂಕಾಗಿತ್ತು. ನಡುವೆ ಜೀರಿಗೆ ಕಾಳಿನಂಥ ಬಿಳಿ ಬಿರುಕು, ಪಕ್ಕದಲ್ಲಿ ಕೂದಲಿನಂಥ ಇನ್ನೊಂದು. ಅವಳು ಅಳಲಿಲ್ಲ. ಕಿಟಕಿಗೆ ಹಿಡಿದು ತಿರುಗಿಸಿ ನೋಡಿದಳು. “ಇದು ನಂಗೊತ್ತು,” ಅಂದಳು. ಅದರ ಹಿಂದಿನ ವರ್ಷ ಗೌರಿಹಬ್ಬ ಆದ ವಾರ ಈ ಹರಳನ್ನು ತಾನೇ ನಾಲ್ಕನೆಯ ಗುಡ್ಡೆಗೆ ಹಾಕಿದ್ದಳಂತೆ. ನಾಲ್ಕನೆಯ ಗುಡ್ಡೆ ಹಿಂದಿನ ಕೋಣೆಗೆ ಹೋಗುತ್ತಿತ್ತು, ಮಣಿ ಮಾಡುತ್ತಾರೆ ಎಂದುಕೊಂಡಿದ್ದಳು. ಅಲ್ಲಿ ಬಿರುಕಿಗೆ ಎಣ್ಣೆ ತುಂಬುತ್ತಾರೆ, ಮಾರಿಹೋದ ಒಳ್ಳೆಯ ಹರಳಿನ ಖಾಲಿ ಪೊಟ್ಟಣಕ್ಕೆ ಇದನ್ನು ಹಾಕುತ್ತಾರೆ ಎಂದು ಅವಳಿಗೆ ತಿಳಿದದ್ದು ಆ ಪಾತ್ರೆಯ ಮುಂದೆ.

ಆದರೂ ಬೆಂಗಳೂರಿಗೆ ಹೋದೆವು. ಮೊದಲ ಅಂಗಡಿಯವನು ಒಂಬತ್ತು ಸಾವಿರ ಅಂದ. ಎರಡನೆಯವನು ನಾಲ್ಕು ಸಾವಿರ ಅಂದು, ಯಾವ ಮನೆಯಲ್ಲಿ ಕೆಲಸಕ್ಕಿದ್ದೀಯಮ್ಮ ಎಂದು ಕೇಳಿದ. ಮೂರನೆಯವನು ಹರಳನ್ನು ನೋಡುವ ಮೊದಲು ಅವಳ ಕಾಲಿನ ಹವಾಯಿ ಚಪ್ಪಲಿ ನೋಡಿದ, ಒಳಗೆ ಕರೆಯಲಿಲ್ಲ.

ಮಾರನೆಯ ದಿನ ಶೆಡ್ಡಿಗೆ ಹೋದೆವು. ಕಾಂತರಾಜು ಎಣ್ಣೆ ತುಂಬಿದ್ದನ್ನು ಇಲ್ಲ ಅನ್ನಲಿಲ್ಲ.

“ಕುದಿಸ್ದೋಳು ನೀನು. ಕೊಟ್ಟಾಗ ಹೆಂಗಿತ್ತು? ನೀನೇ ನೋಡ್ಕೊಂಡು ತಗೊಂಡೋದೆ ತಾನೆ?”

ಆಮೇಲೆ ಫೋನು ನೋಡುತ್ತಲೇ ಒಂದು ದಾರಿ ಹೇಳಿದ. ಹರಳನ್ನು ಇಲ್ಲೇ ಬಿಟ್ಟುಹೋಗು, ಸರಿಮಾಡಿಸುತ್ತೇನೆ. ಸೂಲಿಬೆಲೆಯ ಆದಿನಾರಾಯಣಪ್ಪ ಅಂತ ಒಬ್ಬರು, ಜಮೀನು ಲೇಔಟಿಗೆ ಕೊಟ್ಟಿದ್ದಾರೆ, ಮಗಳ ನಿಶ್ಚಿತಾರ್ಥಕ್ಕೆ ಪದಕ ಮಾಡಿಸುತ್ತಾರೆ, ಗುರುವಾರ ಹರಳು ನೋಡಲು ಬರುತ್ತಾರೆ. ನೀನು ನಿನ್ನ ಜಾಗದಲ್ಲಿ ಕೂತಿರು. ಕೇಳಿದರೆ ಮೊದಲ ಗುಡ್ಡೆ ಅನ್ನು. ಆರು ಲಕ್ಷ ನಿನಗೆ, ಮೇಲಿನದು ನನಗೆ. ಅವಳು ಹರಳನ್ನು ಮೇಜಿನ ಮೇಲಿಟ್ಟು ಬಂದಳು.

ಗುರುವಾರ ನಾನು ಜೊತೆಗೆ ಹೋಗಿ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತೆ. ಆದಿನಾರಾಯಣಪ್ಪ ಬಿಳಿ ಪಂಚೆಯ ಒಳ್ಳೆಯ ಮನುಷ್ಯ. ಅವನ ಹೆಂಡತಿ ಮುನಿಗಂಗಮ್ಮನಿಗೆ ಹರಳಿಗಿಂತ ಅಕ್ಕಯಮ್ಮನ ಮೇಲೇ ಹೆಚ್ಚು ನಂಬಿಕೆ ಬಂದಂತಿತ್ತು, ನಮ್ಮಂಥವಳು ಎಂದು. ತಟ್ಟೆಯಲ್ಲಿದ್ದ ಹರಳು ಮತ್ತೆ ದಾಳಿಂಬೆಯಾಗಿತ್ತು. ಅವಳು ಅದನ್ನು ಎತ್ತಿ ಅಕ್ಕಯಮ್ಮನ ಕೈಗೆ ಕೊಟ್ಟಳು.

“ನೀವೇಳಿ ಅಕ್ಕ. ನನ್ ಮಗಳು ಕತ್ತಿಗೆ ಹಾಕ್ಕೊಳೋದು.”

ಅಕ್ಕಯಮ್ಮ ಎದ್ದು ಕಿಟಕಿಗೆ ಹೋದಳು. ನೋಡುವುದು ಏನೂ ಇರಲಿಲ್ಲ, ಆದರೂ ತುಂಬ ಹೊತ್ತು ನೋಡಿದಳು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಮನೆ, ಕಿಟಕಿ, ಮುಂದಿನ ಅನ್ನ ಎಲ್ಲ ಒಂದು ಮಾತಿನಲ್ಲಿತ್ತು, ಆ ಮಾತನ್ನು ಅವಳು ಅದೇ ಜಾಗದಲ್ಲಿ ಸಾವಿರ ಸಲ ಹೇಳಿದ್ದಳು.

“ನಾಕ್ನೇ ಗುಡ್ಡೇದು ತಾಯಿ. ಒಳಗೆ ಬಿರುಕದೆ, ಎಣ್ಣೆ ತುಂಬವ್ರೆ. ಬಿಸಿ ನೀರು ಬಿದ್ರೆ ಬಿಟ್ಕೊಂತದೆ. ಬ್ಯಾಡಿ.”

ಕಾಂತರಾಜು ಸಿಟ್ಟು ಮಾಡಲಿಲ್ಲ. ಮರುಕದಿಂದ ನಕ್ಕ.

“ಪಾಪ, ಕಣ್ಣೋಗ್ಬುಟ್ಟದೆ. ಅದಕ್ಕೇ ಮನೇಲಿರಮ್ಮ ಅಂತ ಕಳ್ಸಿದ್ದು, ಕೇಳಲ್ಲ, ಬತ್ತಾಳೆ. ನಾನ್ ಕೊಟ್ಟಿದ್ ಹರಳ್ನ ಸೋಪಾಕಿ ಬೇಯಿಸ್ಬುಟ್ಟವಳೆ. ಬೇಕಾದ್ರೆ ಬಾಗ್ಲತ್ರ ಕೂತಿರೋ ಆವಮ್ಮನ್ನ ಕೇಳಿ.”

ಬೇಯಿಸಿದ್ದು ನಿಜವಾ ಎಂದು ಮುನಿಗಂಗಮ್ಮ ನನ್ನನ್ನು ಕೇಳಿದಳು. ನನ್ನ ಸೊಸೆ ಅದೇ ಶೆಡ್ಡಿನಲ್ಲಿ ಹರಳು ಉಜ್ಜುತ್ತಾಳೆ. ಹೌದು, ಬೇಯಿಸಿದಳು ಎಂದೆ. ಅಷ್ಟೇ ಹೇಳಿದೆ, ಸುಳ್ಳು ಹೇಳಲಿಲ್ಲ. ಎಲ್ಲರೂ ನಕ್ಕರು. ಕಾಂತರಾಜು ಪೊಟ್ಟಣ ತೋರಿಸಿದ. ನೋಡಿ, ಕಣ್ಣು ಚೆನ್ನಾಗಿದ್ದಾಗ ಅವಳೇ ಬರೆದದ್ದು, ಒಂದು. ಬೆಂಗಳೂರಿನ ಯಾವ ವ್ಯಾಪಾರಿಯನ್ನಾದರೂ ಕೇಳಿ, ಈ ಅಂಕಿ ಯಾರದೆಂದು ಹೇಳುತ್ತಾನೆ. ಆದಿನಾರಾಯಣಪ್ಪ ಒಂದು ಮಾತೂ ಚೌಕಾಸಿ ಮಾಡದೆ ಒಂಬತ್ತು ಲಕ್ಷಕ್ಕೆ ತೆಗೆದುಕೊಂಡ.

ಹೊರಡುವಾಗ ಮುನಿಗಂಗಮ್ಮ ಅಕ್ಕಯಮ್ಮನ ಕೈಯಲ್ಲಿ ಐವತ್ತು ರೂಪಾಯಿಯ ನೋಟು ಇಟ್ಟಳು. ಶಿವಗಂಗೆಗೆ ಹರಕೆ ಹೊತ್ತುಕೊಳ್ಳಿ ಅಕ್ಕ, ನಮ್ಮತ್ತೆಗೂ ಹಿಂಗೇ ಆಗಿತ್ತು ಅಂದಳು. ಕಾರು ಹೋದ ಮೇಲೆ ಅಕ್ಕಯಮ್ಮ ಹರಳಿನ ದುಡ್ಡು ಕೇಳಿದಳು. ಕಾಂತರಾಜು ಒಂಬತ್ತು ಸಾವಿರ ಎಣಿಸಿ ಮೇಜಿನ ಮೇಲಿಟ್ಟ. ನಾಲ್ಕನೆಯ ಗುಡ್ಡೆ ಎಂದು ನೀನೇ ಹೇಳಿದೆಯಲ್ಲ, ಅದರ ಬೆಲೆ ಇಷ್ಟೇ ಅಂದ. ಅವಳು ತೆಗೆದುಕೊಂಡಳು, ಅದು ಸರಿಯಾದ ಬೆಲೆಯಾಗಿತ್ತು.

ಸಂಕ್ರಾಂತಿಯ ಮಾರನೆಯ ದಿನ ಮನೆ ಬೇರೆಯವರದಾಯಿತು. ಅವರು ಉತ್ತರದ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿ ಟಿವಿ ಇಟ್ಟಿದ್ದಾರೆ. ವಾಪಸು ಬಂದ ಭೋಗ್ಯದ ದುಡ್ಡಿಗೆ ಅಕ್ಕಯಮ್ಮ ಹಿಟ್ಟಿನ ಗಿರಣಿಯ ಹಿಂದೆ ಒಂದು ಕೋಣೆ ಹಿಡಿದಿದ್ದಾಳೆ, ಅದಕ್ಕೆ ಬಾಗಿಲು ಮಾತ್ರ ಇದೆ. ಹರಳು ಬೇಯಿಸಿದ ಕಥೆ ನಮ್ಮ ಬೀದಿಗೆ ಅವಳಿಗಿಂತ ಮೊದಲೇ ಬಂದಿತ್ತು. ಕಣ್ಣು ಹೋದವಳ ಹತ್ತಿರ ಲಡಿ ಯಾಕೆ ಎಂದು ಹೆಂಗಸರು ಒಬ್ಬೊಬ್ಬರೇ ನಿಲ್ಲಿಸಿದರು. ಈಗ ಅವಳು ಗಿರಣಿಯಲ್ಲಿ ಹಿಟ್ಟು ಗುಡಿಸುತ್ತಾಳೆ.

ಹೋದ ಆಷಾಢದಲ್ಲಿ ನಾನು ಎರಡು ನೇರಳೆ ಲಡಿ ಹಿಡಿದುಕೊಂಡು ಹೋದೆ. ಮನಸ್ಸು ತಡೆಯಲಿಲ್ಲ. ಅವಳು ಕೈಯ ಹಿಟ್ಟನ್ನು ಒರೆಸಿಕೊಂಡು, ಬೀದಿಗೆ ಬಂದು, ಗೋಡೆಯ ನೆರಳಿನಲ್ಲಿ ನಿಂತು, ಬೆರಳಿಗೆ ಸುತ್ತಿಕೊಂಡು ನೋಡಿದಳು. “ಕೂಡಲ್ಲ,” ಅಂದಳು. ಸರಿ ಅಂದು ಹೊರಟವಳು ದಾರಿಯಲ್ಲಿ ಬಣ್ಣದವನ ಅಂಗಡಿಯಲ್ಲಿ ನಿಂತು ಅವನನ್ನೂ ಕೇಳಿದೆ. ಚೆನ್ನಾಗಿ ಕೂಡುತ್ತದೆ, ಯಾರು ಹೇಳಿದ್ದು ಇಲ್ಲ ಅಂತ ಎಂದ. ಮಗ್ಗಕ್ಕೆ ಏರಿಸಿದೆವು. ಎರಡೂವರೆ ಗಜದ ಹತ್ತಿರ ಪಟ್ಟೆ ಬಿತ್ತು, ನಾಲ್ಕು ಬೆರಳು ಅಗಲ.

ಆ ಸೀರೆಯನ್ನು ಅಂಗಡಿಯವನು ಮುಟ್ಟಲಿಲ್ಲ, ನಾನೇ ಉಡುತ್ತೇನೆ. ಗಿರಣಿಯ ಕಡೆ ಹೋಗುವ ದಿನ ಮಾತ್ರ ಉಡುವುದಿಲ್ಲ.